ಹಟ್ಟಿಯಲ್ಲಿ ಕಟ್ಟಿದ ಬೈಕು

ನಮ್ಮ ಕೊಟ್ಟಿಗೆಯ, ನಮ್ಮ ಕಡೆಯ ಮಾತಿನಲ್ಲಿ ಹಟ್ಟಿಯ, ಕೊನೆಯ ದನ ಸತ್ತು ಎರಡು ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಒಂದು ಬೈಕು ಬಂತು. ಅಂಗಳದಲ್ಲಿ ನಿಲ್ಲಿಸಿದರೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಚಾವಡಿಗೆ ಹತ್ತಿಸಿದರೆ ನನ್ನ ತಾಯಿ, ಅಂದರೆ ಅಬ್ಬಿ, ಬೈಯುತ್ತಾಳೆ, ಹಾಗಾಗಿ ಹಟ್ಟಿಯೇ ಸರಿ ಎಂದು ನನ್ನ ಗಂಡ ತೀರ್ಮಾನಿಸಿದ. ಅವನು ಹಡಗಿನಲ್ಲಿ ಕೆಲಸ ಮಾಡುವವನು. ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆಯೇ ಇರುತ್ತಾನೆ. ಒಮ್ಮೆ ರಜೆಗೆ ಬಂದವನು ಮಂಗಳೂರಿನ ಯಾರಿಂದಲೋ ಸಾವಿರ ಸಿಸಿಯ ರೇಸಿನ ಬೈಕೊಂದನ್ನು ಕೊಂಡು ತಂದ, ಒಂದಷ್ಟು ದಿನ ಊರಿಡೀ ಸದ್ದು ಮಾಡಿದ, ಮತ್ತೆ ಹಡಗು ಹತ್ತಿದ. ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು. ವಾರಕ್ಕೊಮ್ಮೆಯಾದರೂ ಅದನ್ನು ಚಾಲೂ ಮಾಡಬೇಕಂತೆ, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದಂತೆ. ನನಗೆ ಚೆನ್ನಾಗಿರು ಎಂದು ಹೇಳಲು ಮರೆತಿದ್ದ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನಾನೇನು ಇದರ ಆಯಾ ಅಲ್ಲ ಎಂದುಕೊಂಡೇ ಮೊದಲ ಭಾನುವಾರ ಹಟ್ಟಿಗೆ ಹೋದೆ. ಕೀಲಿ ತಿರುಗಿಸಿ ಗುಂಡಿ ಒತ್ತಿದೆ. ಮಾಡಿನ ಹಂಚುಗಳು ಗಲಗಲ ಎಂದವು. ಗೋಡೆಯಲ್ಲಿ ದನ ಕಟ್ಟುತ್ತಿದ್ದ ಕಬ್ಬಿಣದ ಬಳೆ ತನ್ನಷ್ಟಕ್ಕೆ ಅಲುಗಾಡಿತು. ಆ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು. ಕಾಲೇಜಿಗೆ ಹೋಗುವಾಗ ಅಪ್ಪಯ್ಯನ ಹಳೆಯ ಬೈಕು ಓಡಿಸಿದವಳು ನಾನು, ಯಂತ್ರ ನನಗೆ ಹೊಸತಲ್ಲ. ಆದರೂ ಮೈ ಜುಮ್ಮೆಂದಿತು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮುಂದಿನ ವಾರ ಅದನ್ನು ಗೇಟಿನವರೆಗೆ ಓಡಿಸಿದೆ. ಅದರ ಮುಂದಿನ ವಾರ ಕೋಟೇಶ್ವರದ ಪೇಟೆಯವರೆಗೆ. ಆಮೇಲೆ ನನ್ನ ಸ್ಕೂಟರು ಕೈಕೊಟ್ಟಿತು ಎಂಬ ನೆಪ ಸಿಕ್ಕಿತು. ನಿಜ ಹೇಳಬೇಕೆಂದರೆ, ಸ್ಕೂಟರನ್ನು ರಿಪೇರಿ ಮಾಡಿಸಲು ನಾನೇ ಮನಸ್ಸು ಮಾಡಲಿಲ್ಲ.

ಬ್ರಹ್ಮಾವರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ವಾರಕ್ಕೆರಡು ದಿನ ಬೈಂದೂರಿನ ಒಂದು ಕಣ್ಣಿನ ಕ್ಲಿನಿಕ್ಕಿಗೆ ಹೋಗಿ, ಅಲ್ಲಿಗೆ ಬಂದವರ ಕಣ್ಣಿನ ನಂಬರು ನೋಡಿಕೊಡುತ್ತೇನೆ. ಮನೆ ಇರುವುದು ಕೋಟೇಶ್ವರದಿಂದ ಸ್ವಲ್ಪ ಒಳಗೆ. ಹೀಗೆ ತೆಂಕಕ್ಕೋ ಬಡಗಕ್ಕೋ, ದಿನಾ ಹೆದ್ದಾರಿಗೆ ಬೀಳಲೇಬೇಕು. ಅಂಗಡಿಗೆ ಹೋಗಿ ಬರಲು ಸಾವಿರ ಸಿಸಿ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಆದರೆ ಬ್ರಹ್ಮಾಸ್ತ್ರ ಕೈಯಲ್ಲಿರುವಾಗ ಕವಣೆ ಹಿಡಿಯಲು ಯಾರಿಗೆ ಮನಸ್ಸು ಬರುತ್ತದೆ?

ಅದರ ಕಷ್ಟಗಳನ್ನು ಹೇಳಿದರೆ ಯಾರೂ ಕೊಳ್ಳಲಾರರು. ಕುಂದಾಪುರದ ಪೇಟೆಯಲ್ಲಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡರೆ ಇಂಜಿನ್ನಿನ ಬಿಸಿ ಎರಡೂ ತೊಡೆಗಳನ್ನು ಬೇಯಿಸುತ್ತದೆ. ಹ್ಯಾಂಡಲ್ಲು ತೀರಾ ಕೆಳಗಿರುವುದರಿಂದ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ. ಕನ್ನಡಿಯಲ್ಲಿ ಕಾಣುವುದು ನನ್ನದೇ ಮೊಣಕೈ. ಬುತ್ತಿ ಇಡಲು ಜಾಗವಿಲ್ಲ. ಸಂಜೆ ಬಂಗುಡೆ ಮೀನು ಕೊಂಡರೆ ಬೆನ್ನಿನ ಚೀಲದಲ್ಲೇ ತರಬೇಕು, ಮರುದಿನ ಅಂಗಡಿಗೆ ಬಂದವರು ಮೂಗು ಅರಳಿಸುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಹತ್ತಿರ ಬಂದು ಬೈಕಿನ ಮೈ ಸವರಿದ ಹಿರಿಯರೆಲ್ಲ ಕೊನೆಗೆ ಕೇಳುವುದು ಲೀಟರಿಗೆ ಎಷ್ಟು ಕೊಡುತ್ತದೆ ಎಂದೇ. ನಾನು ನಿಜವನ್ನೇ ಹೇಳುತ್ತೇನೆ. ಅವರು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಆದರೆ ಬೆಳಿಗ್ಗೆ ಕೋಟೇಶ್ವರ ದಾಟಿ, ಮುಂದೆ ರಸ್ತೆ ಖಾಲಿ ಇದ್ದು, ಬಲಗೈಯನ್ನು ಒಂದು ಎಳೆಯಷ್ಟು ತಿರುಗಿಸಿದರೆ ಆಗುವುದನ್ನು ಹೇಗೆ ಹೇಳಲಿ. ಹೊಟ್ಟೆ ಹಿಂದೆಯೇ ಉಳಿಯುತ್ತದೆ, ಕಣ್ಣು ಮುಂದೆ ಹೋಗಿರುತ್ತದೆ. ನಮ್ಮ ಕಡೆ ಕುಂಭಾಶಿಯ ಸ್ವಾಗತ ಗೋಪುರ ಬಂದಾಗ ಆನೆಗುಡ್ಡೆಯ ವಿನಾಯಕನನ್ನು ನೆನೆದು ಎದೆ ಮುಟ್ಟಿಕೊಳ್ಳುವುದು ರೂಢಿ, ಬಸ್ಸಿನಲ್ಲಿ ನಿದ್ದೆ ಮಾಡುವವರೂ ಆ ಜಾಗದಲ್ಲಿ ಕಣ್ಣು ಬಿಡುತ್ತಾರೆ. ಈ ಬೈಕಿನ ಮೇಲೆ ಹ್ಯಾಂಡಲ್ಲಿನಿಂದ ಕೈ ತೆಗೆಯಲು ಧೈರ್ಯ ಸಾಲುವುದಿಲ್ಲ, ಧೈರ್ಯ ಬರುವಷ್ಟರಲ್ಲಿ ಗೋಪುರ ಹಿಂದಾಗಿರುತ್ತದೆ. ಅದಕ್ಕೇ ನಾನು ಮನೆ ಬಿಡುವಾಗಲೇ ಅವನಿಗೆ ಮುಂಗಡ ಕೈಮುಗಿದುಬಿಡುತ್ತೇನೆ. ಬೈಂದೂರಿನ ದಿನಗಳಲ್ಲಿ ಮರವಂತೆಯ ಹತ್ತಿರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಅಲ್ಲಿ ಅಡ್ಡಗಾಳಿ ಬೈಕನ್ನು ತಳ್ಳುತ್ತದೆ, ಬೈಕು ಗಾಳಿಯನ್ನು ತಳ್ಳುತ್ತದೆ, ನಡುವೆ ನಾನು ಉಸಿರು ಹಿಡಿದು ಕೂತಿರುತ್ತೇನೆ. ಇಷ್ಟಾಗಿಯೂ ಅದರ ಶಕ್ತಿಯ ಕಾಲುಭಾಗವನ್ನೂ ನಾನು ಕಂಡಿಲ್ಲ. ಕಾಣದೆ ಉಳಿದ ಆ ಮುಕ್ಕಾಲು ಭಾಗದ ಮೇಲೆಯೇ ನನಗೆ ಭಯ, ಭಕ್ತಿ ಎರಡೂ.

ಇನ್ನು ಅಬ್ಬಿಯ ಸಂಗತಿ. ದನ ಸತ್ತ ಮೇಲೆ ಅವಳು ಹಟ್ಟಿಯ ಕಡೆ ತಲೆ ಹಾಕಿರಲಿಲ್ಲ. ಬಾವಿಗೆ ಹೋಗಲು ಹಟ್ಟಿಯ ಮುಂದಿನ ದಾರಿಯೇ ಹತ್ತಿರ, ಆದರೂ ಮನೆಯ ಹಿಂಬದಿಯಿಂದ ಸುತ್ತಿ ಬಳಸಿ ಹೋಗುತ್ತಿದ್ದಳು. ಕತ್ತಲೆ ಇರುವಾಗಲೇ ಏಳುವ ಅಭ್ಯಾಸ ಮಾತ್ರ ಬಿಡಲಿಲ್ಲ. ಎದ್ದು ಏನು ಮಾಡುವುದೆಂದು ತಿಳಿಯದೆ ಜಗಲಿಯಲ್ಲಿ ಕೂತಿರುತ್ತಿದ್ದಳು. ಪ್ಯಾಕೆಟ್ ಹಾಲಿನ ಚಹಾವನ್ನು ಔಷಧಿಯ ಹಾಗೆ ಕುಡಿಯುತ್ತಿದ್ದಳು. ದನವೆಂದರೆ ಅವಳಿಗೆ ಹಾಲಲ್ಲ, ದಿನ. ಅವಳ ದಿನ ಶುರುವಾಗುತ್ತಿದ್ದದ್ದು, ಮುಗಿಯುತ್ತಿದ್ದದ್ದು ಅದರಿಂದ. ಹೀಗೇ ಕೂತು ಕೂತು ಇವಳು ಮಂಕಾಗಿಬಿಡುತ್ತಾಳೋ ಎಂಬ ಹೆದರಿಕೆ ನನ್ನನ್ನು ಬಿಡದೆ ಕಾಡುತ್ತಿತ್ತು.

ಬೈಕು ಬಂದಾಗ ಅವಳು ಜಗಲಿಯಿಂದಲೇ ನೋಡಿದಳು. ನಾನು ಅದನ್ನು ದಿನಾ ಒಯ್ಯಲು ಶುರು ಮಾಡಿದಾಗ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಳು. ಎಂಟನೆಯ ದಿನವೋ ಏನೋ, ನಾನು ಸಂಜೆ ಬರುವಾಗ ಗೇಟು ತೆರೆದಿತ್ತು. ಹೆದ್ದಾರಿಯಿಂದ ಒಳದಾರಿಗೆ ತಿರುಗುವಾಗಲೇ ಸದ್ದು ಕೇಳಿ ಅವಳೇ ಬಂದು ತೆರೆದಿದ್ದಳು. ಆಮೇಲೆ ದಿನಾ ಹಾಗೆಯೇ. ಮತ್ತೊಂದು ದಿನ ಹಟ್ಟಿ ಗುಡಿಸಿತ್ತು. ಬಾವಿಗೂ ಹಟ್ಟಿಯ ಮುಂದಿನ ದಾರಿಯಲ್ಲೇ ಹೋಗತೊಡಗಿದಳು. ಮಳೆ ಶುರುವಾದಾಗ ಸೀಟಿನ ಮೇಲೆ ಗೋಣಿ ಹೊದೆಸಿತ್ತು. ಒಂದು ಸಂಜೆ ನೋಡುತ್ತೇನೆ, ಹಟ್ಟಿಯ ತುಂಬ ಹೊಗೆ. ನಾನು ಓಡಿಹೋಗಿ ನೋಡಿದರೆ, ಅಬ್ಬಿ ಮಡಕೆಯ ಚೂರಿನಲ್ಲಿ ತೆಂಗಿನ ಸಿಪ್ಪೆ ಉರಿಸಿ ಬೈಕಿನ ಹತ್ತಿರ ಇಟ್ಟಿದ್ದಾಳೆ. ದನಕ್ಕೆ ನುಸಿ ಕಚ್ಚದಿರಲಿ ಎಂದು ಹಿಂದೆ ಹಾಕುತ್ತಿದ್ದ ಅದೇ ಹೊಗೆ. ಪೆಟ್ರೋಲಿನ ಬುಡದಲ್ಲಿ ಕೆಂಡ ಇಡಬಾರದು ಎಂದು ಹೇಳಿ, ಆ ಚೂರನ್ನು ಮೆತ್ತಗೆ ಹೊರಗೆ ತಂದಿಟ್ಟೆ. ಅವಳು ಒಪ್ಪಿಕೊಂಡಳು. ಆದರೆ ಆ ಇಡೀ ಸಂಜೆ ನನ್ನ ಕಣ್ಣು ಮತ್ತೆ ಮತ್ತೆ ತುಂಬಿ ಬರುತ್ತಿತ್ತು, ಹೊಗೆಯಿಂದ ಎಂದು ಹೇಳಿದೆ.

ದೀಪಾವಳಿ ಬಂತು. ಗೋಪೂಜೆಯ ದಿನ ನಮ್ಮ ಕಡೆ ದನಗಳನ್ನು ಮೀಯಿಸಿ, ಕೊಂಬಿಗೆ, ಗೊರಸಿಗೆ ಎಣ್ಣೆ ಸವರುತ್ತಾರೆ. ಅಕ್ಕಿ ಅಳೆಯುವ ಸಿದ್ದೆಯ ಬಾಯಿಯನ್ನು ಶೇಡಿ ಎಂಬ ಬಿಳಿ ಮಣ್ಣು ಕಲಸಿದ ನೀರಿಗೆ ಅದ್ದಿ, ಮೈಮೇಲೆಲ್ಲ ದುಂಡಗಿನ ಮುದ್ರೆ ಒತ್ತುತ್ತಾರೆ. ಹೂವಿನ ಮಾಲೆ ಹಾಕಿ ಕಡುಬು, ಬಾಳೆಹಣ್ಣು ತಿನ್ನಿಸುತ್ತಾರೆ. ಹಿಂದಿನ ಎರಡು ವರ್ಷ ನಮ್ಮಲ್ಲಿ ಇದೇನೂ ಇರಲಿಲ್ಲ. ಆ ದಿನ ಪೂಜೆಯ ಸಾಮಾನು ಇಡಲು ಜಾಗವಿಲ್ಲವೆಂದು ಬೈಕನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ, ಅಂಗಡಿ ಪೂಜೆ ಮುಗಿಸಿ ಯಾರದೋ ಕಾರಿನಲ್ಲಿ ಮನೆಗೆ ಬಂದೆ. ಹಟ್ಟಿಯಲ್ಲಿ ಬಲ್ಬು ಉರಿಯುತ್ತಿತ್ತು.

ಬೈಕಿನ ಕಪ್ಪು ಮೈಮೇಲೆ ಟ್ಯಾಂಕಿನಿಂದ ಬಾಲದವರೆಗೆ ಬೆಳ್ಳಗಿನ ಉಂಗುರಗಳು. ಹ್ಯಾಂಡಲ್ಲಿಗೆ ಗೊಂಡೆ ಹೂವಿನ ಮಾಲೆ. ಮುಂದಿನ ದೀಪದ ಎದುರು ಬಾಳೆಲೆಯಲ್ಲಿ ಕಡುಬು, ಆಗಲೇ ಇರುವೆ ಮುತ್ತಿತ್ತು. ಅಬ್ಬಿ ನೆಲದಲ್ಲಿ ಕೂತು ಚಕ್ರ ಒರೆಸುತ್ತಿದ್ದಳು. ಅಂಥ ಯಂತ್ರವನ್ನು ನೋಡಿ ಹೆದರಿಕೊಂಡು ಹಿಂದೆ ಸರಿಯುವ ಗಂಡಸರನ್ನು ನಾನು ಕಂಡಿದ್ದೇನೆ. ಅವಳು ಅದರ ಕಾಲ ಬುಡದಲ್ಲಿ ಆರಾಮವಾಗಿ ಕೂತು, ಯಾವುದೋ ಹಳೆಯ ಶೋಭಾನೆ ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅವಳ ಪಕ್ಕದಲ್ಲಿ ತೆಂಗಿನೆಣ್ಣೆಯ ಗಿಂಡಿ ಇದ್ದದ್ದನ್ನು ನೋಡಿದೆ. ನೋಡಿದೆ ಅಷ್ಟೆ, ಕಾಣಲಿಲ್ಲ. ಊರಿಗೆಲ್ಲ ಕನ್ನಡಕ ಕೊಡುವವಳ ಅವಸ್ಥೆ, ದೀಪದ ಬುಡ ಕತ್ತಲೆ.

ಮರುದಿನ ಬೆಳಿಗ್ಗೆ ಉಂಗುರಗಳ ಸಮೇತ ಹೊರಟೆ. ನಮ್ಮ ಒಳದಾರಿ ಕೊನೆಯಲ್ಲಿ ಸ್ವಲ್ಪ ಇಳಿಜಾರಾಗಿ ಸರ್ವಿಸ್ ರಸ್ತೆಗೆ ಸೇರುತ್ತದೆ. ಅಲ್ಲಿ ದಿನಾ ನಿಂತು ಎರಡೂ ಕಡೆ ನೋಡಿ ಮುಂದೆ ಹೋಗುವುದು. ಮುಂದಿನ ಬ್ರೇಕು ಹಿಡಿದೆ. ಬೈಕು ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆ, ಹಿಂದಿನದನ್ನೂ ತುಳಿದೆ. ಬೆಣ್ಣೆಯ ಮೇಲೆ ಬೆಣ್ಣೆ ಒತ್ತಿದ ಹಾಗಿತ್ತು. ಬಲಗಡೆಯಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಗೇರು ಕೆಳಗಿಳಿಸಿದೆ, ಎರಡೂ ಕಾಲು ನೆಲಕ್ಕೆ ಒತ್ತಿದೆ, ಚರಂಡಿಗೆ ಹಾಸಿದ ಚಪ್ಪಡಿ ಕಲ್ಲಿನ ಮೇಲೆ ಶೂ ಉಜ್ಜಿತು. ಮುಂದಿನ ಚಕ್ರ ಟಾರಿನ ಅಂಚಿಗೆ ತಾಗಿ ನಿಂತಿತು. ಬಸ್ಸು ನನ್ನ ಮುಖದ ಮುಂದೆಯೇ ಹಾದುಹೋಯಿತು. ಅದರ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಏನೋ ಬೈದ. ಕೇಳಿಸಲಿಲ್ಲ, ಬೈದದ್ದು ನ್ಯಾಯವೇ.

ಬೈಕನ್ನು ಬದಿಗೆ ನಿಲ್ಲಿಸಿ ಕೆಳಗಿಳಿದು ನೋಡಿದೆ. ಬ್ರೇಕಿನ ಪ್ಯಾಡು ಕಚ್ಚಿ ಹಿಡಿಯುವ ಉಕ್ಕಿನ ತಟ್ಟೆಗಳಿರುತ್ತವಲ್ಲ, ಮುಂದೆ ಎರಡು, ಹಿಂದೆ ಒಂದು, ಅವು ಮೂರೂ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಬೆರಳಿಟ್ಟರೆ ಜಾರಿತು. ಮೂಗಿಗೆ ಹಿಡಿದೆ, ತೆಂಗಿನೆಣ್ಣೆ. ಕಡಲ ಗಾಳಿಗೆ ಆ ತಟ್ಟೆಗಳ ಮೇಲೆ ತೆಳುವಾಗಿ ಕೆಂಪು ತುಕ್ಕು ಏಳುತ್ತದೆ, ಒಮ್ಮೆ ಬ್ರೇಕು ಹಿಡಿದರೆ ಹೋಗುತ್ತದೆ. ಅಬ್ಬಿ ಅದನ್ನು ನೋಡಿ ಉಜ್ಜಿ ಉಜ್ಜಿ ತೆಗೆದಿದ್ದಾಳೆ, ಮತ್ತೆ ಬರದಿರಲಿ ಎಂದು ಎಣ್ಣೆ ಸವರಿದ್ದಾಳೆ. ಗೊರಸಿಗೆ ಸವರುವ ಎಣ್ಣೆ.

ಉಡುಪಿಯ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಪ್ಯಾಡು ಎಣ್ಣೆ ಕುಡಿದಿದ್ದರೆ ಮುಗಿಯಿತು, ಹೊಸತೇ ಹಾಕಬೇಕು, ಬೆಂಗಳೂರಿನಿಂದ ಬರಬೇಕು, ಅಲ್ಲಿಯವರೆಗೆ ಮುಟ್ಟಬೇಡಿ ಎಂದ. ಬೈಕನ್ನು ಏರಿನಲ್ಲಿ ದೂಡಿಕೊಂಡು ಮನೆಗೆ ತಂದೆ. ಅಬ್ಬಿ ಗೇಟಿನಲ್ಲಿ ನಿಂತಿದ್ದಳು. ಏನಾಯಿತೆಂದು ಕೇಳಿದಳು. ಎಷ್ಟೋ ಕಾಲದ ನಂತರ ಹಾಡಿದ ಬಾಯಿ ಅದು. ನಿನ್ನ ಎಣ್ಣೆಯಿಂದ ನಾನು ಬಸ್ಸಿನಡಿ ಬೀಳುತ್ತಿದ್ದೆ ಎಂದು ಹೇಳಿದರೆ ಆ ಕೈ ಇನ್ನು ಯಾವುದನ್ನೂ ಮುಟ್ಟಲಾರದು ಎನ್ನಿಸಿತು. ಬ್ಯಾಟರಿ ಹೋಗಿದೆ ಎಂದೆ.

ಆಮೇಲೆ ಬಸ್ಸಿನ ದಿನಗಳು. ಬೆಳಿಗ್ಗೆ ಕೋಟೇಶ್ವರದಲ್ಲಿ ಹತ್ತಿ ಜನರ ನಡುವೆ ನೇತಾಡಿಕೊಂಡು ಹೋಗುವಾಗ, ಬಸ್ಸಿನ ಕಿಟಕಿಯಲ್ಲಿ ಆನೆಗುಡ್ಡೆಯ ಗೋಪುರ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತಿತ್ತು. ಎದೆ ಮುಟ್ಟಿಕೊಳ್ಳಲು ಬೇಕಾದಷ್ಟು ಸಮಯ. ಮೊದಲೆರಡು ದಿನ ಅಬ್ಬಿ ಹಟ್ಟಿಗೆ ಹೋಗಿ ಬೈಕಿನ ಹತ್ತಿರ ನಿಂತು ಬರುತ್ತಿದ್ದಳು. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಹಿತ್ತಲಿಗೆ ಹೋದೆ. ಅಬ್ಬಿ ಕೊಡ ಹಿಡಿದು ಮನೆಯ ಹಿಂಬದಿಯಿಂದ ಸುತ್ತಿ ಬಾವಿಗೆ ಹೋಗುತ್ತಿದ್ದಳು.

ಯಾವುದನ್ನು ತಪ್ಪಿಸಲು ನಾನು ಸುಳ್ಳು ಹೇಳಿದೆನೋ ಅದೇ ಆಗಿತ್ತು.

ಅಂದು ಸಂಜೆ ಅಂಗಡಿಯಿಂದ ಬಂದು ಜಗಲಿಯಲ್ಲಿ ಅವಳ ಪಕ್ಕ ಕೂತೆ. ಹೇಗೆ ಶುರು ಮಾಡಲಿ ಎಂದು ಯೋಚಿಸುತ್ತಿರುವಾಗ ಅವಳೇ ಕೇಳಿದಳು.

"ನಾ ಎಂತ ಮಾಡಿದ್ದಕ್ ಅದ್ ನಿಂತದ್, ಹೇಳ್."

ನೀನು ಏನೂ ಮಾಡಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳು ನನ್ನ ಮುಖ ನೋಡದೆ ಮುಂದುವರಿಸಿದಳು.

"ಆ ದನ ಸತ್ತಾಗ್ಲೂ ಯಾರೂ ಎಂತದೂ ಹೇಳ್ಲಿಲ್ಲ. ನಾ ಕೊಟ್ಟ ಅಕ್ಕಚ್ಚೇ ಅದ್ಕೆ ಆಯ್ಲಿಲ್ಲ ಅಂದೇಳಿ ತಿಳ್ಕಂಡೆ. ಇದಾರೂ ನೀ ಹೇಳ್."

ದನ ಸತ್ತ ದಿನ ಪಶುವೈದ್ಯರು ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತ, ವಯಸ್ಸಾಗಿತ್ತು, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದು ಹೇಳಿ ಹೋಗಿದ್ದರು. ಮನೆಯಲ್ಲಿದ್ದ ನಾವೆಲ್ಲ ಅದನ್ನು ಕೇಳಿದ್ದೆವು. ಅಬ್ಬಿ ಆಗ ಒಳಗೆ ಮಲಗಿದ್ದಳು. ಅವಳಿಗೂ ಗೊತ್ತಿದೆ ಎಂದುಕೊಂಡೆವು, ನೋಯಿಸಬಾರದೆಂದು ಆ ಸುದ್ದಿಯನ್ನೇ ಎತ್ತಲಿಲ್ಲ. ಎರಡು ವರ್ಷ ಅವಳು ಬಾವಿಗೆ ಸುತ್ತಿ ಬಳಸಿ ಹೋದದ್ದು ದುಃಖದಿಂದ ಎಂದು ನಾನು ತಿಳಿದಿದ್ದೆ. ಅಕ್ಕಿ ತೊಳೆದ ನೀರು ಕೊಟ್ಟು ತಾನೇ ಕೊಂದೆ ಎಂಬ ಭಾರ ಹೊತ್ತು ಅವಳು ಸುತ್ತು ಹಾಕುತ್ತಿದ್ದಳು.

"ವಯಸ್ಸಾಯ್ತ್ ಅಂದೇಳಿ ಡಾಕ್ಟ್ರ್ ಅವತ್ತೇ ಹೇಳಿರ್, ಅಬ್ಬಿ," ಎಂದೆ. "ಅಕ್ಕಚ್ಚಿಂದ ಅಲ್ಲ."

ಅವಳು ಹೌದಾ ಎಂದು ಕೇಳಿದಳು. ಹೌದು ಎಂದೆ. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಹೌದು ಎಂದೆ. ಸೆರಗಿನಿಂದ ಮುಖವನ್ನು ಗಟ್ಟಿಯಾಗಿ ಒರೆಸಿಕೊಂಡು, ಹಾಗಾದರೆ ಇದಕ್ಕೆ ಏನಾಯಿತು ಎಂದು ಕೇಳಿದಳು. ಈಗ ಮುಚ್ಚಿಡುವುದು ನನ್ನಿಂದ ಸಾಧ್ಯವಿರಲಿಲ್ಲ. ಅವಳನ್ನು ಹಟ್ಟಿಗೆ ಕರೆದುಕೊಂಡು ಹೋಗಿ ಆ ತಟ್ಟೆಯನ್ನು ತೋರಿಸಿದೆ. ಎಲ್ಲ ಕಡೆ ಜಾರಬಹುದು, ಇಲ್ಲಿ ಮಾತ್ರ ಜಾರಬಾರದು, ಇಲ್ಲಿ ಎಣ್ಣೆ ತಾಗಿದರೆ ಗಾಡಿ ನಿಲ್ಲುವುದಿಲ್ಲ ಎಂದು ವಿವರಿಸಿದೆ. ಬಸ್ಸಿನ ಸಂಗತಿಯನ್ನೂ ಹೇಳಿದೆ. ಅವಳ ಮುಖ ಬಿಳಚಿಕೊಂಡಿತು. ಬಲ್ಬಿನ ಬೆಳಕಿನಲ್ಲಿ ಬಗ್ಗಿ ಆ ತಟ್ಟೆಗೆ ಬೆರಳು ತಾಗಿಸಿ ನೋಡಿದಳು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಇನ್ನು ಇವಳು ಈ ಹಟ್ಟಿಗೆ ಕಾಲಿಡುವುದಿಲ್ಲ ಎಂದೇ ನಾನು ತಿಳಿದೆ.

"ಒಂದೊಂದ್ ಜಾನ್ವಾರಿಗೆ ಒಂದೊಂದ್ ಆತಿಲ್ಲೆ," ಎಂದಳು ಕೊನೆಗೆ. "ಇಷ್ಟ್ ಹೇಳುಕೆ ಇಷ್ಟ್ ದಿನ ಬೇಕಾಯ್ತಾ ನಿಂಗೆ?"

ಎಣ್ಣೆಯ ಗಿಂಡಿಯನ್ನು ಅಲ್ಲಿಂದ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟಳು. ಹೋಗಿದ್ದು, ಬಂದದ್ದು ಎರಡೂ ಹಟ್ಟಿಯ ಮುಂದಿನ ದಾರಿಯಲ್ಲೇ. ಮರುದಿನ ಬೆಳಿಗ್ಗೆ ಕೊಡ ಹಿಡಿದು ಬಾವಿಗೆ ಹೋದದ್ದೂ ಅದೇ ದಾರಿಯಲ್ಲಿ.

ಪ್ಯಾಡು ಬಂತು. ಮೆಕ್ಯಾನಿಕ್ಕು ಮನೆಗೇ ಬಂದು ತಟ್ಟೆಗಳನ್ನು ಯಾವುದೋ ಸ್ಪ್ರೇ ಹೊಡೆದು ತೊಳೆದು ಹೊಸತನ್ನು ಹಾಕಿದ. ಅಬ್ಬಿ ಹತ್ತಿರವೇ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದಳು. ಅವನ ಕೈಗೆ ಎಲ್ಲಾದರೂ ಎಣ್ಣೆ ತಾಗಿದೆಯೋ ಎಂದು ಎರಡು ಸಲ ಕೇಳಿದಳು. ಟ್ಯಾಂಕಿನ ಮೇಲಿನ ಶೇಡಿಯ ಉಂಗುರ ಒರೆಸಲು ಹೊರಟವನನ್ನು, ಅದು ಇರಲಿ ಎಂದು ತಡೆದಳು.

ಮರುದಿನ ಬೆಳಿಗ್ಗೆ ನಾನು ಹೆಲ್ಮೆಟ್ ಹಾಕಿಕೊಂಡು ಬೈಕನ್ನು ಹಟ್ಟಿಯಿಂದ ಹೊರಗೆ ತಂದೆ. ಅಬ್ಬಿ ಗೇಟು ತೆರೆದಳು. ಆದರೆ ಬದಿಗೆ ಸರಿಯಲಿಲ್ಲ. ಗೇಟಿನ ನಟ್ಟನಡುವೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾ ಇಲ್ಲ್ ನಿಂತ್ಕಂತೆ. ನೀ ಬಾ. ನಿಲ್ಲತ್ತಾ ಇಲ್ದಾ ಕಾಂಬ."

ನಾನು ಬೈದೆ, ಬೇಡಿಕೊಂಡೆ, ನಾನೇ ಅಂಗಳದಲ್ಲಿ ಒಂದು ಸುತ್ತು ಹಾಕಿ ತೋರಿಸುತ್ತೇನೆ ಎಂದೆ. ಅವಳು ಅಲುಗಲಿಲ್ಲ. ಹಿಂದೊಮ್ಮೆ ಹಗ್ಗ ಹರಿದುಕೊಂಡು ಓಡಿಬಂದ ದನದ ಎದುರು ಅವಳು ಹೀಗೆಯೇ ನಿಂತದ್ದನ್ನು ನಾನು ನೋಡಿದ್ದೆ. ಎಡಗೈ ಸೊಂಟದಲ್ಲಿತ್ತು, ಬಲಗೈ ಸ್ವಲ್ಪ ಮುಂದೆ ಚಾಚಿತ್ತು. ಯಾವ ಶಕ್ತಿಗೆ ನಾನು ಇಷ್ಟು ದಿನ ಭಯಪಟ್ಟು ಕೈಮುಗಿಯುತ್ತಿದ್ದೆನೋ ಅದರ ಎದುರು, ನನ್ನ ಎದೆಯ ಎತ್ತರಕ್ಕೂ ಬಾರದ ಈ ಹೆಂಗಸು ಬರಿಗಾಲಲ್ಲಿ ನಿಂತಿದ್ದಳು. ನನ್ನ ಜೀವ ಉಳಿಯುತ್ತದೋ ಇಲ್ಲವೋ ಎಂದು ತನ್ನ ಜೀವವನ್ನೇ ಒಡ್ಡಿ ನೋಡಲು ನಿಂತಿದ್ದಳು. ಲೋಕದಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ.

ಒಂದನೇ ಗೇರು ಹಾಕಿದೆ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟೆ. ಬೈಕು ಗುಡುಗುಡಿಸುತ್ತ ಅವಳ ಕಡೆ ತೆವಳಿತು. ಬ್ರೇಕು ಹಿಡಿದೆ. ಮುಂಭಾಗ ತಲೆ ಬಾಗಿಸಿ, ಅವಳಿಂದ ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಿತು.

ಅವಳು ಎರಡು ಹೆಜ್ಜೆ ಮುಂದೆ ಬಂದು ಬೈಕಿನ ಮೂಗಿನ ಮೇಲೆ ಅಂಗೈ ಇಟ್ಟಳು. ಇಂಜಿನ್ನಿನ ನಡುಕ ಅವಳ ಬಳೆಗಳಲ್ಲಿ ಕೇಳುತ್ತಿತ್ತು.

"ಹಿಡಿತ್ತ್," ಎಂದಳು. "ಹೋಯ್ಕಂಡ್ ಬಾ, ಮಗಾ."

ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಂಜಾಗಿತ್ತು. ಅದನ್ನು ಎತ್ತಿ ಒರೆಸಿಕೊಂಡು ಹೊರಟೆ.

ಈಗಲೂ ನಾನು ಹೊರಡುವ ದಿನವೆಲ್ಲ ಹಾಗೆಯೇ. ಅಬ್ಬಿ ಗೇಟಿನ ನಡುವೆ ನಿಲ್ಲುತ್ತಾಳೆ, ನಾನು ಅವಳ ಎದುರು ಬ್ರೇಕು ಹಿಡಿದು ನಿಲ್ಲಿಸುತ್ತೇನೆ, ಅವಳು ಕೈಯಿಟ್ಟು ನೋಡಿ ಬದಿಗೆ ಸರಿಯುತ್ತಾಳೆ.